ಕರೆದರೆ ತಿರುಗದ ಹುಡುಗಿ

ಬಾಬುರಾಯನಕೊಪ್ಪಲು
4-6-1995

ಅಕ್ಕನಿಗೆ ತಮ್ಮ ಕೃಷ್ಣಮೂರ್ತಿಯ ನಮಸ್ಕಾರ.

ಮೂರು ತಿಂಗಳಿಂದ ಕಾಗದವಿಲ್ಲ ಎಂದು ನೀನು ಬೈಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಈಗಲೂ ಕೆಲಸವಿದ್ದೇ ಬರೆಯುತ್ತಿದ್ದೇನೆ. ಭೂಮಿಕಳನ್ನು ಒಂದು ವರ್ಷ ಸಿಂಧಘಟ್ಟದಲ್ಲಿ ನಿನ್ನ ಹತ್ತಿರ ಇಟ್ಟುಕೊಂಡು, ನಿನ್ನ ಸ್ಕೂಲಿನಲ್ಲೇ ನಾಲ್ಕನೇ ಕ್ಲಾಸು ಓದಿಸುತ್ತೀಯಾ?

ಕಾರಣ ಟೀವಿ. ಪಕ್ಕದ ಮನೆ ಚಲುವಯ್ಯ ಕೇಬಲ್ಲು ಎಳೆಸಿದಾಗ ನಮ್ಮ ಮನೆಗೂ ಒಂದು ತಂತಿ ಬಂತು. ಅವತ್ತಿನಿಂದ ಮಗಳು ನಮ್ಮವಳಲ್ಲ. ಹತ್ತು ಸಲ ಕರೆದರೂ ತಿರುಗುವುದಿಲ್ಲ. ದೂರ ಕೂತುಕೋ ಎಂದರೆ ಇನ್ನಷ್ಟು ಹತ್ತಿರ ಹೋಗುತ್ತಾಳೆ. ನಾನೇ ತೇಗದಲ್ಲಿ ಮಾಡಿದ ಟೀವಿ ಪೆಟ್ಟಿಗೆಯನ್ನು ನೀನು ನೋಡಿದ್ದೀಯಲ್ಲ, ಅದರ ಪಕ್ಕಕ್ಕೆ ಕೆನ್ನೆ ಆನಿಸಿಕೊಂಡು, ಕಣ್ಣು ಓರೆ ಮಾಡಿಕೊಂಡು ನೋಡುತ್ತಾಳೆ. ತಡೆಯಲಾರದೆ ಆ ಪೆಟ್ಟಿಗೆಗೆ ಎರಡು ಬಾಗಿಲು ಕೂರಿಸಿ ಬೀಗ ಹಾಕಿದೆ. ಅವಳು ಚಲುವಯ್ಯನ ಮನೆಗೆ ಹೋಗಿ ಅವರ ಪೆಟ್ಟಿಗೆಗೆ ಅಂಟಿಕೊಂಡಳು. “ಆಚಾರ್ರೇ, ನಿಮ್ ಮಗ್ಳು ಟೀವಿ ನೋಡಾಕಲ್ಲ ಕಣ್ರೀ, ತಿನ್ನಾಕ್ ಬತ್ತಾಳೆ” ಅಂತ ಚಲುವಯ್ಯ ಬೀದಿಯಲ್ಲಿ ನಿಂತು ನಕ್ಕ. ನನಗೆ ಅವಮಾನವಾಯಿತು.

ಸ್ಕೂಲಿನಲ್ಲೂ ಇದೇ ಕತೆ. ಬೋರ್ಡು ನೋಡಿ ಬರೆ ಅಂದರೆ ಹತ್ತಕ್ಕೆ ಹತ್ತು, ಉಕ್ತಲೇಖನ ಕೊಟ್ಟರೆ ಹತ್ತಕ್ಕೆ ಎರಡು. ತಲೆಯೊಳಗೆ ಯಾವಾಗಲೂ ಟೀವಿ ಓಡುತ್ತಿರುತ್ತದೆ ಎಂದು ಮಿಸ್ಸು ಹೇಳಿದರು. ನಮ್ಮ ಮನೆ ನಿನಗೆ ಗೊತ್ತು. ಹಜಾರದಲ್ಲೇ ಗರಗಸ, ಸುತ್ತಿಗೆ, ಈಗ ಹೊಸದಾಗಿ ತಂದ ಮಿಷನ್ನು ಬೇರೆ. ಇಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದು. ಕಿರುಚಿದರೆ ಬರುತ್ತಾಳೆ, ಮಾಮೂಲಿಯಾಗಿ ಹೇಳಿದರೆ ಬರುವುದಿಲ್ಲ. ದನ ಕಾಯುವವನ ಹಾಗೆ ಮಗಳನ್ನು ಎಷ್ಟು ದಿನ ಕೂಗಲಿ?

ನಿಂಗಮ್ಮ ಈಗ ಏಳು ತಿಂಗಳ ಬಸುರಿ. ಅವಳು ಬೇರೇನೋ ಹೇಳುತ್ತಾಳೆ, ಅದನ್ನೆಲ್ಲ ಬರೆಯಲು ಹೋದರೆ ಈ ಇನ್‌ಲ್ಯಾಂಡು ಸಾಲದು. ಅಪ್ಪ ಹೋದ ಮೇಲೆ ನನ್ನನ್ನು ದಾರಿಗೆ ತಂದವಳು ನೀನು. ಇವಳನ್ನೂ ತಾ.

ನಿನ್ನ ತಮ್ಮ,
ಕೃಷ್ಣಮೂರ್ತಿ


ಸಿಂಧಘಟ್ಟ
10-6-1995

ಚಿ. ಕೃಷ್ಣಮೂರ್ತಿಗೆ ಆಶೀರ್ವಾದ.

ಮುಂದಿನ ಭಾನುವಾರ ಕರೆದುಕೊಂಡು ಬಾ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವುದನ್ನು ಮರದ ಕೆಲಸದವನಿಗೆ ನಾನು ಹೇಳಿಕೊಡಬೇಕೆ?

ಮೊದಲು ನಿನಗೆ ಒಂದು ಮಾತು. ಬೀಗ ಹಾಕಿದ್ದು ತಪ್ಪು. ಬೀಗ ಹಾಕಿದರೆ ಮಗು ಪಕ್ಕದ ಮನೆಗೆ ಹೋಗುತ್ತದೆ, ಹೋಯಿತಲ್ಲ. ಟೀವಿ ಬಂದಾಗಿದೆ, ಇನ್ನು ಅದು ಊರು ಬಿಟ್ಟು ಹೋಗುವುದಿಲ್ಲ. ಮಗುವನ್ನು ಅದರ ಮುಂದೆ ಒಂಟಿಯಾಗಿ ಕೂರಿಸಿ, ಆಮೇಲೆ ಹಾಳಾಯಿತು ಎಂದು ಅಳುವವರೇ ಎಲ್ಲ. ಪಕ್ಕದಲ್ಲಿ ದೊಡ್ಡವರು ಕೂರಬೇಕು, ನೋಡಿದ್ದನ್ನು ಕೇಳಬೇಕು, ಮಾತಾಡಿಸಬೇಕು.

ನಾನು ಹೋದ ವರ್ಷದಿಂದ ಶಾಲೆಯಲ್ಲಿ ಒಂದು ಕ್ರಮ ಮಾಡಿದ್ದೇನೆ. ಪ್ರತಿ ಮಗುವಿಗೂ ಒಂದು ಟೀವಿ ಪುಸ್ತಕ. ಭಾನುವಾರ ಪಂಚಾಯಿತಿ ಕಟ್ಟೆಯ ಟೀವಿಯ ಮುಂದೆ ಎಂಟು ಅಡಿ ದೂರದಲ್ಲಿ ಸಾಲಾಗಿ ಕೂರಿಸುತ್ತೇನೆ. ನೋಡಿದ ಮೇಲೆ ಪುಸ್ತಕದಲ್ಲಿ ಮೂರು ಕಾಲಂ ತುಂಬಬೇಕು: ಯಾರು ಬಂದರು, ಏನಾಯಿತು, ಏನು ಅಂದರು. ಮನೆಯಲ್ಲಿ ನೋಡಿದ್ದಕ್ಕೂ ಅದೇ. ಅಪ್ಪ ಅಥವಾ ಅಮ್ಮ ಓದಿಸಿ ಕೇಳಿ ರುಜು ಹಾಕಬೇಕು, ಬಾರದವರು ಹೆಬ್ಬೆಟ್ಟು ಒತ್ತಬೇಕು. ನಗಬೇಡ. ಹೊಲದಿಂದ ಬಂದ ತಾಯಂದಿರು ಮಗುವಿನ ಜೊತೆ ಕೂತು ಕತೆ ಕೇಳುತ್ತಿದ್ದಾರೆ. ಊಟದ ಹೊತ್ತಿಗೆ ಟೀವಿ ಆರಿಸುವ ಮನೆಗಳು ಇಲ್ಲಿ ಮೂವತ್ತಾದರೂ ಆಗಿವೆ.

ನನ್ನ ಷರತ್ತು ಎರಡೇ. ಪದೇ ಪದೇ ನೋಡಲು ಬರಬೇಡಿ. ನಾನು ಏನು ಮಾಡಿದರೂ ಯಾಕೆ ಎಂದು ಕೇಳಬೇಡಿ. ನನ್ನ ಮನೆಯಲ್ಲಿ ಕಿರುಚಾಟವಿಲ್ಲ. ಮೆತ್ತಗೆ ಹೇಳಿದ ಮಾತನ್ನು ಒಂದೇ ಸಲಕ್ಕೆ ಕೇಳುವುದನ್ನು ಕಲಿಸುತ್ತೇನೆ.

ನಿಂಗಮ್ಮ ಏನು ಹೇಳುತ್ತಾಳೆ ಎಂದು ನೀನು ಬರೆಯಲಿಲ್ಲ. ಬರೆಯದಿದ್ದರೂ ನಷ್ಟವಿಲ್ಲ.

ಮಂಗಳಮ್ಮ


ಸಿಂಧಘಟ್ಟ
30-7-1995

ಚಿ. ಕೃಷ್ಣಮೂರ್ತಿಗೆ ಆಶೀರ್ವಾದ.

ಆರು ವಾರದ ವರದಿ ಕೇಳು. ಹುಡುಗಿ ಗಟ್ಟಿ. ಅಂದರೆ ಹಟದಲ್ಲಿ ಗಟ್ಟಿ. ಅಡುಗೆ ಮನೆಯಿಂದ ಕರೆದರೆ ಬರುವುದಿಲ್ಲ. ಎದುರಿಗೆ ನಿಂತು ಹೇಳಿದರೆ ತಕ್ಷಣ ಮಾಡುತ್ತಾಳೆ, ಬೆನ್ನು ತಿರುಗಿಸಿದರೆ ನನ್ನ ಮಾತಿಗೆ ಬೆಲೆಯಿಲ್ಲ. ಮುಖ ಕಂಡರೆ ಮಾತ್ರ ಹೆದರಿಕೆ. ಇದನ್ನು ನಾನು ಇಪ್ಪತ್ತು ವರ್ಷದಲ್ಲಿ ಬೇಕಾದಷ್ಟು ನೋಡಿದ್ದೇನೆ.

ಟೀವಿ ಪುಸ್ತಕದ ವಿಷಯ ನಿನಗೆ ಹೇಳಲೇಬೇಕು. ಮೊದಲ ಎರಡು ಕಾಲಂ ತುಂಬಿ ತುಳುಕುತ್ತವೆ. “ಹಳದಿ ಸೀರೆಯವಳು ಬಂದಳು. ಮೀಸೆಯವನು ಕಾರಿನ ಬಾಗಿಲು ಜೋರಾಗಿ ಹಾಕಿದ. ಹಳದಿ ಸೀರೆಯವಳು ಅತ್ತಳು. ನಾಯಿ ಮಂಚದ ಕೆಳಗೆ ಹೋಯಿತು.” ನಾಯಿಯನ್ನು ಬೇರೆ ಯಾವ ಮಗುವೂ ಗಮನಿಸಿರಲಿಲ್ಲ. ಆದರೆ ‘ಏನು ಅಂದರು’ ಎನ್ನುವ ಕಾಲಂ ಆರು ಭಾನುವಾರವೂ ಖಾಲಿ. ಒಂದು ಮಾತಿಲ್ಲ. ಯಾಕೆ ಬರೆಯಲಿಲ್ಲ ಎಂದರೆ ನಗುತ್ತಾಳೆ. ಎರಡು ವರ್ಷ ನಿನ್ನ ಮನೆಯಲ್ಲಿ ಹಗಲು ರಾತ್ರಿ ನೋಡಿದ್ದರ ಫಲ ಇದು. ಕಣ್ಣು ತುಂಬಿದೆ, ತಲೆಗೆ ಏನೂ ಇಳಿದಿಲ್ಲ. ಮೊನ್ನೆ ಶೀಳನೆರೆಯ ಶಾಲೆಯವರು ನಮ್ಮ ಕ್ರಮ ನೋಡಲು ಬಂದಿದ್ದರು, ಅವರಿಗೆ ಈ ಪುಸ್ತಕವನ್ನೇ ತೋರಿಸಿದೆ.

ಟೀಚರಮ್ಮನ ಮನೆಯ ಮಗು ಎಂದು ಯಾರೂ ಆಡಿಕೊಳ್ಳಬಾರದೆಂದು ತರಗತಿಯಲ್ಲೂ ಟೀವಿಯ ಮುಂದೆಯೂ ಕೊನೆಯ ಸಾಲಿನಲ್ಲಿ ಕೂರಿಸಿದ್ದೇನೆ. ಸ್ವಲ್ಪ ಗದರಬೇಕಾಗುತ್ತದೆ, ಗದರುತ್ತೇನೆ. ಊಟ ಚೆನ್ನಾಗಿ ಮಾಡುತ್ತಾಳೆ. ನಾನು ಮಲಗುವವರೆಗೂ ಮಲಗುವುದಿಲ್ಲ, ನನ್ನ ಪಕ್ಕವೇ ಬೇಕು.

ಮಂಗಳಮ್ಮ


ಬಾಬುರಾಯನಕೊಪ್ಪಲು
13-8-1995

ಅಕ್ಕನಿಗೆ ನಮಸ್ಕಾರ.

ಹೋದ ಭಾನುವಾರ ಗಂಡು ಮಗುವಾಯಿತು. ತಾಯಿ ಮಗು ಚೆನ್ನಾಗಿದ್ದಾರೆ. ಭೂಮಿಕಳಿಗೆ ಹೆಸರಿಟ್ಟವಳು ನೀನು, ಇವನಿಗೂ ನೀನೇ ಒಂದು ಹೆಸರು ಬರೆದು ಕಳಿಸು.

ನಿನ್ನ ಕಾಗದ ಓದಿ ಹೇಳಿದೆ. ನಾಯಿಯ ವಿಷಯಕ್ಕೆ ನಾನು ನಕ್ಕೆ, ಬಾಣಂತಿ ನಗಲಿಲ್ಲ. ಒಂದೇ ಸಮನೆ ಶುರುಮಾಡಿದಳು. “ಮಳೆಗಾಲ ಬಂದ್ರೆ ಮಗೀಗೆ ಕಿವಿ ಸೋರ್ತದೆ, ಅಕ್ಕೋರ್ಗೆ ಏಳಿದ್ರಾ? ಕರುದ್ರೆ ತಿರುಗ್ದೆ ಇರದು ಟೀವಿಯಿಂದಲ್ಲ ಕಣ್ರೀ. ಕೇಳುಸ್ದೆ ಇದ್ರೆ ಯಾವ್ ಮಗಾ ತಿರುಗ್ತದೆ? ಅದ್ಯಾಕೆ ಯಾರ್ಗೂ ಅರ್ಥ ಆಯ್ತಾ ಇಲ್ಲ?” ಎಂದು ಅತ್ತಳು. ಮೊದಲ ದಿನದಿಂದ ಅವಳ ರಾಗ ಇದೇ. ಸುಮ್ನಿರಮ್ಮಿ, ಹಸಿ ಮೈಯಲ್ಲಿ ಅಳಬೇಡ ಎಂದು ಗದರಿದೆ.

ಕಿವಿ ಸೋರುವುದು ನಿಜ. ಎರಡು ವರ್ಷದಿಂದ ಬಂದು ಹೋಗಿ ಮಾಡುತ್ತಿದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ಇಡುತ್ತಿದ್ದೆವು. ಊರ ಮಕ್ಕಳಿಗೆಲ್ಲ ಸೋರುತ್ತದೆ, ಅದೇನು ದೊಡ್ಡ ವಿಷಯ ಎಂದು ನಿನಗೆ ಹೇಳಿರಲಿಲ್ಲ. ನೀನೂ ಎರಡು ತೊಟ್ಟು ಬಿಡು. ನಿಂಗಮ್ಮನ ಸಮಾಧಾನಕ್ಕೆ ಒಂದು ಸಲ ಪರೀಕ್ಷೆ ಮಾಡಿ ನೋಡಿ ಬರೆ. ಹಬ್ಬಕ್ಕೆ ಕಳಿಸಿಕೊಟ್ಟರೆ ತಮ್ಮನನ್ನು ನೋಡುತ್ತಾಳೆ.

ಕೃಷ್ಣಮೂರ್ತಿ


ಸಿಂಧಘಟ್ಟ
20-8-1995

ಚಿ. ಕೃಷ್ಣಮೂರ್ತಿಗೆ ಆಶೀರ್ವಾದ.

ಮಗುವಿಗೆ ಅಭಿಲಾಷ್ ಎಂದು ಇಡಿ. ನಿಂಗಮ್ಮನಿಗೆ ಪಥ್ಯ ಸರಿಯಾಗಿ ಮಾಡಿಸು.

ನಿನ್ನ ಹೆಂಡತಿಯ ಸಮಾಧಾನಕ್ಕೆ ಪರೀಕ್ಷೆಯೂ ಮಾಡಿದೆ. ಭೂಮಿಕ ಕೂತು ಬರೆಯುತ್ತಿದ್ದಾಗ ಹಿಂದಿನಿಂದ ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಬೀಳಿಸಿದೆ. ಬೆಚ್ಚಿ ತಿರುಗಿದಳು. ಆಯಿತಲ್ಲ? ತಟ್ಟೆ ಕೇಳಿಸುತ್ತದೆ, ನನ್ನ ಮಾತು ಕೇಳಿಸುವುದಿಲ್ಲ. ಇದಕ್ಕೆ ಕಿವಿಯ ಡಾಕ್ಟರು ಬೇಕಿಲ್ಲ. ಇನ್ನೊಂದು ಪ್ರಶ್ನೆ ನಿಂಗಮ್ಮನಿಗೆ ಕೇಳು. ಕಿವಿ ಕೇಳದ ಮಗು ದಿನಾ ಮೂರು ಗಂಟೆ ಟೀವಿಯ ಮುಂದೆ ಯಾಕೆ ಕೂರುತ್ತಿತ್ತು? ಉತ್ತರವಿದ್ದರೆ ಬರೆಸಿ ಕಳಿಸಲಿ.

ಓದು ಬರಹ ಇಲ್ಲದವರು ಮಗುವಿನ ಪ್ರತಿ ತಪ್ಪಿಗೂ ಒಂದು ಕಾಯಿಲೆ ಹುಡುಕುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಕಿವಿಗೆ ಎಣ್ಣೆ ಬಿಟ್ಟಿದ್ದೇನೆ, ಆ ಚಿಂತೆ ಬೇಡ.

ಗೌರಿ ಹಬ್ಬಕ್ಕೆ ಕಳಿಸುವುದಿಲ್ಲ. ದಸರಾ ರಜೆಗೂ ಇಲ್ಲ. ದಾರಿಗೆ ಬರುತ್ತಿರುವ ಹೊತ್ತಿನಲ್ಲಿ ನಿಮ್ಮ ಮನೆಯ ಗಲಾಟೆಗೆ, ಆ ಪೆಟ್ಟಿಗೆಗೆ ಅವಳನ್ನು ವಾಪಸು ಬಿಡಲಾರೆ. ಸಂಕ್ರಾಂತಿಗೆ ಕರೆದುಕೊಂಡು ಹೋಗು. ಬಾಣಂತಿ ಬಸ್ಸು ಹತ್ತಿ ಇಲ್ಲಿಗೆ ಬರುವ ಹುಚ್ಚಾಟ ಮಾಡದಿರಲಿ.

ಮಂಗಳಮ್ಮ


ಸಿಂಧಘಟ್ಟ
19-11-1995

ಚಿ. ಕೃಷ್ಣಮೂರ್ತಿಗೆ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯಲಾಗಲಿಲ್ಲ. ಅಕ್ಟೋಬರಿನಲ್ಲಿ ಮಗುವಿಗೆ ಎರಡು ದಿನ ಜ್ವರವಿತ್ತು, ಆಮೇಲೆ ಶಾಲೆಯ ಕೆಲಸ. ಈಗ ಎಲ್ಲ ಸರಿಯಾಗಿದೆ.

ಸಂತೋಷದ ಸುದ್ದಿ ಕೇಳು. ಮಕ್ಕಳ ದಿನಾಚರಣೆಗೆ ಕೆ.ಆರ್. ಪೇಟೆಯಲ್ಲಿ ತಾಯಂದಿರ ಸಭೆ ಮಾಡಿದ್ದರು. ಟೀವಿಯನ್ನು ಹೇಗೆ ಬಳಸಬೇಕು ಎಂದು ಮಾತಾಡಲು ನನ್ನನ್ನೇ ಕರೆದಿದ್ದರು. ಹೆಸರು ಹೇಳದೆ ನಮ್ಮ ಭೂಮಿಕಳ ಉದಾಹರಣೆ ಕೊಟ್ಟೆ. “ಹತ್ತು ಸಲ ಕರೆದರೂ ತಿರುಗದಿದ್ದ ಮಗು ಐದೇ ತಿಂಗಳಲ್ಲಿ ಕಣ್ಣಸನ್ನೆಗೆ ಎದ್ದು ನಿಲ್ಲುತ್ತದೆ” ಎಂದಾಗ ಸಭೆ ಚಪ್ಪಾಳೆ ತಟ್ಟಿತು. ಶೀಳನೆರೆಯ ಅಣ್ಣಮ್ಮ ಎನ್ನುವವಳು ಎದ್ದು, “ನಮ್ ಮಗೀನೂ ಇಂಗೇಯ ಮಿಸ್ಸು, ಎಷ್ಟ್ ಕೂಗುದ್ರೂ ತಿರುಗಾಕಿಲ್ಲ” ಎಂದಳು. ಮೆತ್ತಗೆ ಹೇಳಿ, ಎರಡನೆಯ ಸಲ ಹೇಳಬೇಡ ಎಂದು ಅವಳಿಗೂ ಹೇಳಿಕೊಟ್ಟೆ.

ಸುಳ್ಳಲ್ಲ. ಹುಡುಗಿ ಈಗ ನನ್ನ ಮುಖದಿಂದ ಕಣ್ಣು ತೆಗೆಯುವುದಿಲ್ಲ. ನಾನು ಎದ್ದರೆ ಏಳುತ್ತಾಳೆ, ಕೂತರೆ ಕೂರುತ್ತಾಳೆ. ಟೀವಿ ಬೇಕು ಎಂದು ಒಂದು ದಿನವೂ ಕೇಳಿಲ್ಲ. ಮಾತು ಸ್ವಲ್ಪ ಕಡಿಮೆಯಾಗಿದೆ, ಅದು ಒಳ್ಳೆಯದೇ.

ಏಪ್ರಿಲಿನಲ್ಲಿ ಪಾಂಡವಪುರದಲ್ಲಿ ಶಿಕ್ಷಕರ ಸಮ್ಮೇಳನವಿದೆ. ಟೀವಿ ಪುಸ್ತಕದ ಬಗ್ಗೆ ನಾನು ಮಾತಾಡಬೇಕಂತೆ, ಸನ್ಮಾನವೂ ಇದೆಯಂತೆ. ಅಪ್ಪ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ. ನೀನಾದರೂ ಬಾ.

ಮಂಗಳಮ್ಮ


ಬಾಬುರಾಯನಕೊಪ್ಪಲು
24-1-1996

ಅಕ್ಕನಿಗೆ ನಮಸ್ಕಾರ.

ಸಂಕ್ರಾಂತಿಗೆ ಕರೆತಂದ ಮಗಳನ್ನು ಯಾಕೆ ಇನ್ನೂ ಕಳಿಸಿಲ್ಲ ಎಂದು ನೀನು ಬರೆದ ಕಾರ್ಡು ಬಂತು. ಕಳಿಸುವ ಸ್ಥಿತಿಯಲ್ಲಿ ಇಲ್ಲ, ಅದಕ್ಕೆ ಇಷ್ಟು ದಿನ ಬರೆಯಲಿಲ್ಲ.

ಹಬ್ಬದ ಮಾರನೆಯ ದಿನ ಕರೆಂಟಿರಲಿಲ್ಲ. ಮಿಷನ್ನು ನಿಂತಿತ್ತು, ನಾಗಮಂಗಲದವರ ಬಾಗಿಲಿಗೆ ಉಜ್ಜುಕಾಗದ ತಿಕ್ಕುತ್ತಿದ್ದೆ. ಮನೆ ಇಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನೇ ಕಂಡಿರಲಿಲ್ಲ. ಭೂಮಿಕ ಬೆನ್ನು ಮಾಡಿಕೊಂಡು ತಮ್ಮನನ್ನು ಆಡಿಸುತ್ತಿದ್ದಳು. ನಿಂಗಮ್ಮ ಹಿಂದಿನಿಂದ ಕರೆದಳು. ನಾನು ಕರೆದೆ. ಹತ್ತಿರ ಹೋಗಿ ಕರೆದೆ. ಅಕ್ಕ, ಒಂದು ಮೊಳ ದೂರದಲ್ಲಿ ನಿಂತು ಕೂಗಿದೆ. ಅವಳು ತಿರುಗಲಿಲ್ಲ. ಎದುರಿಗೆ ಟೀವಿ ಇರಲಿಲ್ಲ.

ಮೈಸೂರಿಗೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕವೆಗೋಲಿನಂಥ ಒಂದು ಕಬ್ಬಿಣವನ್ನು ತಟ್ಟಿ ಕಿವಿಯ ಮುಂದೆ ಹಿಡಿದರು, ಇವಳು ಸುಮ್ಮನಿದ್ದಳು. ಅದನ್ನೇ ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಇವಳ ಮುಖ ಅರಳಿತು. ಗಾಳಿಯಲ್ಲಿ ಬಂದ ಸದ್ದು ಒಳಗೆ ಹೋಗುತ್ತಿಲ್ಲ, ಮೂಳೆಯಲ್ಲಿ ಬಂದದ್ದು ಹೋಗುತ್ತದೆ ಎಂದರು. ಮನೆಯಲ್ಲಿ ಯಾವುದಕ್ಕಾದರೂ ಕೆನ್ನೆ ಒತ್ತಿಕೊಂಡು ಕೂರುತ್ತಾಳಾ ಎಂದು ಕೇಳಿದರು. ಮರ ತಟ್ಟಿ, ನಾದ ಕೇಳಿದ ಮೇಲೆಯೇ ಖರೀದಿಸುವವನು ನಾನು. ನನ್ನ ಮಗಳು ತೇಗದ ಹಲಗೆಯಿಂದ ಮಾತು ಕೇಳಿಸಿಕೊಳ್ಳುತ್ತಿದ್ದಳು, ಆ ಹಲಗೆಗೆ ನಾನು ಬೀಗ ಹಾಕಿದೆ.

ಬಲಗಿವಿಯಲ್ಲಿ ಹಳೆಯ ಕೀವು ಒಳಗಿನ ಸಣ್ಣ ಮೂಳೆಗಳನ್ನೇ ತಿಂದಿದೆಯಂತೆ. ಎಣ್ಣೆ ಬಿಟ್ಟದ್ದಕ್ಕೆ ಡಾಕ್ಟರು ನನ್ನನ್ನು ಮೂರು ಮಂದಿಯ ಎದುರಿಗೆ ಬೈದರು, ತಲೆ ತಗ್ಗಿಸಿ ಬೈಸಿಕೊಂಡೆ. ಕಿವಿ ಸೋರುವುದನ್ನು ನಿನಗೆ ಮೊದಲೇ ಹೇಳದೆ ಇದ್ದದ್ದು ಮರೆವಿನಿಂದಲ್ಲ. ಕಾಯಿಲೆಯ ಮಗು ಎಂದರೆ ನೀನು ಬೇಡ ಅನ್ನುತ್ತೀಯ ಎಂದು ಬಚ್ಚಿಟ್ಟೆ. ಆ ಪಾಪ ನನ್ನದು.

ಎಡಗಿವಿ ಅಷ್ಟು ಕೆಟ್ಟಿರಲಿಲ್ಲವಂತೆ. ಇಷ್ಟು ದಿನ ಆ ಒಂದು ಕಿವಿಯಲ್ಲೇ ಮಗು ಬದುಕಿದೆ ಎಂದರು. ಮೂರು ತಿಂಗಳ ಕೆಳಗೆ ಅದಕ್ಕೆ ಬಲವಾದ ಏಟು ಬಿದ್ದಿದೆ, ಕಿವಿಯ ತಮಟೆ ಅಗಲವಾಗಿ ಹರಿದಿದೆ, ಆಮೇಲೆ ಅಲ್ಲೂ ಕೀವಾಗಿದೆ. ಯಾರು ಹೊಡೆದದ್ದು ಎಂದು ಅವರು ಕೇಳಿದರು. ಇವಳು “ಬಿದ್ದೆ” ಅಂದಳು. ನಾವು ಎಷ್ಟು ಕೇಳಿದರೂ “ಬಿದ್ದೆ.” ಬಿದ್ದು ಆಗುವ ಗಾಯವಲ್ಲ ಎನ್ನುತ್ತಾರೆ ಡಾಕ್ಟರು.

ನಿನ್ನ ಸ್ಕೂಲಿನಲ್ಲಿ ಹೊಡೆಯುವ ಮೇಷ್ಟರು ಯಾರಿದ್ದಾರೆ? ವಿಚಾರಿಸು ಅಕ್ಕ. ಯಾರೇ ಆಗಿರಲಿ, ನಾನು ಬಂದು ಕೇಳುತ್ತೇನೆ.

ಕೃಷ್ಣಮೂರ್ತಿ


ಸಿಂಧಘಟ್ಟ
2-2-1996

ಚಿ. ಕೃಷ್ಣಮೂರ್ತಿಗೆ.

ಕಾಗದ ತಲುಪಿತು. ಮನಸ್ಸಿಗೆ ನೋವಾಯಿತು. ವಿಚಾರಿಸಿದೆ, ಯಾರೂ ಏನೂ ಹೇಳುವುದಿಲ್ಲ. ಮಕ್ಕಳು ಆಡುವಾಗ ತಾಗಿರಬಹುದು. ಮೂರು ತಿಂಗಳ ಹಿಂದಿನದು ಎಂದು ಡಾಕ್ಟರು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ನೀವು ವರ್ಷಗಟ್ಟಲೆ ಬಿಟ್ಟ ಎಣ್ಣೆಯಿಂದಲೂ ಆಗಿರಬಹುದಲ್ಲ. ಮಗು ಬಿದ್ದೆ ಎಂದಮೇಲೆ ಅದನ್ನು ಮತ್ತೆ ಮತ್ತೆ ಕೆದಕಬೇಡಿ.

ಶಾಲೆಗೆ ಬಂದು ಗಲಾಟೆ ಮಾಡುವ ಯೋಚನೆ ಬಿಡು. ಸಮ್ಮೇಳನ ಹತ್ತಿರವಿದೆ, ಊರಿನಲ್ಲಿ ನನ್ನ ಹೆಸರಿದೆ. ಬರೆಯುವುದಿದ್ದರೆ ಕಾರ್ಡಿನಲ್ಲಿ ಬರೆಯಬೇಡ, ಅಂಟಿಸಿದ ಕಾಗದದಲ್ಲಿ ಬರೆ. ಚಿಕಿತ್ಸೆ ಮುಗಿದ ಮೇಲೆ ಕಳಿಸು, ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.

ಮಂಗಳಮ್ಮ


ಬಾಬುರಾಯನಕೊಪ್ಪಲು
3-3-1996

ಅಕ್ಕ,

ಒಂದು ತಿಂಗಳಿಂದ ನಿಮ್ಮ ಕಾಗದವನ್ನು ಗೂಡಿನಲ್ಲಿ ಇಟ್ಟು ಮತ್ತೆ ಮತ್ತೆ ಓದಿದೆ. ನೀವು ಸುಳ್ಳು ಹೇಳುವವರಲ್ಲ ಎಂದು ನಿಂಗಮ್ಮನ ಜೊತೆ ಜಗಳವಾಡಿದೆ.

ಮೊನ್ನೆ ಶುಕ್ರವಾರ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಕೆಲಸದ ಜಾಗದಲ್ಲಿ ಬಿದ್ದಿದ್ದ ಮರದ ತುಂಡುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಭೂಮಿಕ ಸ್ಕೂಲಾಟ ಆಡುತ್ತಿದ್ದಳು. ನನ್ನ ಟವೆಲನ್ನು ಸೆರಗು ಮಾಡಿಕೊಂಡಿದ್ದಳು. ಪಾಠ ಮಾಡುತ್ತಿದ್ದಾಳೆ, ಬಾಯಿ ಆಡುತ್ತಿದೆ, ದನಿಯೇ ಇಲ್ಲ. ನಿಂಗಮ್ಮ ಎದುರಿಗೆ ಹೋಗಿ, “ಯಾಕವ್ವ, ದನಿ ಬುಟ್ಟು ಪಾಠ ಮಾಡಬಾರ್ದಾ?” ಎಂದು ಕೂಗಿ ಕೇಳಿದಳು. “ಅತ್ತೆ ಇಂಗೇ ಮಾಡದು” ಅಂದಳು.

ಆಮೇಲೆ ಕೊನೆಯ ಸಾಲಿನ ತುಂಡೊಂದನ್ನು ಮುಂದಕ್ಕೆ ತಂದು ನಿಲ್ಲಿಸಿದಳು. ಬಾಯಿ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಬಲಗೈ ಎತ್ತಿ ಫಟಾರನೆ ಹೊಡೆದಳು. ತುಂಡು ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಅದನ್ನು ಎತ್ತಿಕೊಂಡು, ಟವೆಲಿನಿಂದ ಒರೆಸಿ, ಮುಖದ ಎದುರಿಗೆ ಹಿಡಿದು, “ಬಿದ್ದೆ ಅನ್ನು” ಅಂದಳು. ಆ ಮಾತಿಗೆ ಮಾತ್ರ ದನಿ ಇತ್ತು.

ನಾನು ಉಳಿ ಕೆಳಗಿಟ್ಟೆ. ನಿಂಗಮ್ಮ ನನ್ನ ಮುಖ ನೋಡಲಿಲ್ಲ, ನಾನು ಅವಳ ಮುಖ ನೋಡಲಿಲ್ಲ.

ಹೌದೋ ಅಲ್ಲವೋ, ಒಂದೇ ಮಾತು ಬರೆಯಿರಿ.

ಕೃಷ್ಣಮೂರ್ತಿ


ಸಿಂಧಘಟ್ಟ
17-3-1996

ಕೃಷ್ಣಮೂರ್ತಿ,

ಹೌದು.

ನೀನು ನನ್ನನ್ನು ನೀವು ಎಂದಿದ್ದೀಯ. ಎತ್ತಿ ಬೆಳೆಸಿದ ತಮ್ಮ ಹಾಗೆ ಅಂದಾಗ ಹೇಗಾಗುತ್ತದೆ ಎಂದು ನಿನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಅಕ್ಟೋಬರ್ ಹದಿನೇಳು. ಟೀವಿ ಪುಸ್ತಕದ ಕ್ರಮ ನೋಡಲು ಮೇಲಿನವರು ಬಂದಿದ್ದರು. ಎಲ್ಲ ಮಕ್ಕಳನ್ನೂ ಬಿಟ್ಟು ನಮ್ಮ ಭೂಮಿಕಳನ್ನೇ ಬೋರ್ಡಿನ ಹತ್ತಿರ ಕರೆದೆ. ಅವಳು ಎಷ್ಟು ಬದಲಾಗಿದ್ದಾಳೆ ಎಂದು ತೋರಿಸುವ ಆಸೆ. ಅವಳ ಹಿಂದೆ ನಿಂತು ಒಂದು ಪ್ರಶ್ನೆ ಕೇಳಿದೆ. ಬಂದವರ ಮುಖ ನೋಡಿಕೊಂಡು ನಗುತ್ತಾ ನಿಂತಳು. ಎರಡನೆಯ ಸಲ ಕೇಳಿದೆ, ಮೂರನೆಯ ಸಲ ಕೇಳಿದೆ. ಅವರಲ್ಲಿ ಒಬ್ಬರು, “ಏನ್ ಮೇಡಂ, ಇದೇನಾ ಆ ಹುಡುಗಿ?” ಎಂದು ನಕ್ಕರು. ತರಗತಿಯೆಲ್ಲ ನಕ್ಕಿತು. ಅವಳನ್ನು ನನ್ನ ಕಡೆ ತಿರುಗಿಸಿ ಹೊಡೆದೆ.

ಅಳಲಿಲ್ಲ. ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು. ಬೆಳಿಗ್ಗೆ ದಿಂಬಿನ ಮೇಲೆ ರಕ್ತವಿತ್ತು. ದಿಂಬಿನ ಚೀಲ ಒಗೆದೆ. ಎರಡು ದಿನ ಜ್ವರದಲ್ಲಿ ನನ್ನ ಕೈ ಹಿಡಿದುಕೊಂಡೇ ಮಲಗಿದ್ದಳು. ಕೆ.ಆರ್. ಪೇಟೆಗೆ ಬಸ್ಸಿತ್ತು, ಅಲ್ಲಿ ಡಾಕ್ಟರಿದ್ದರು. ಕರೆದುಕೊಂಡು ಹೋದರೆ ಏನಾಯಿತು ಎಂದು ಕೇಳುತ್ತಾರೆ, ಅದಕ್ಕೇ ಹೋಗಲಿಲ್ಲ.

‘ಬಿದ್ದೆ’ ಎನ್ನುವ ಮಾತಿಗೆ ಮಾತ್ರ ದನಿ ಇತ್ತು ಎಂದು ಬರೆದಿದ್ದೀಯ. ನಿಜ. ಅಪ್ಪ ಕೇಳಿದರೆ ಬಿದ್ದೆ ಅನ್ನು ಎಂದು ಎದುರಿಗೆ ಕೂರಿಸಿಕೊಂಡು, ಜೋರಾಗಿ, ಅವಳಿಗೆ ಕೇಳಿಸುವ ಹಾಗೆ ಹೇಳಿಕೊಟ್ಟೆ. ನಾಲ್ಕು ಸಲ ಅನ್ನಿಸಿದೆ. ಅವಳಿಗೆ ಹೇಗೆ ಹೇಳಿದರೆ ಕೇಳಿಸುತ್ತದೆ ಎಂದು ಆಗ ನನಗೆ ಗೊತ್ತಾಗಿತ್ತು, ಕೃಷ್ಣ. ಗೊತ್ತಾದ ಮೇಲೂ ನವೆಂಬರಿನಲ್ಲಿ ಆ ತಾಯಂದಿರ ಮುಂದೆ ನಿಂತು ಚಪ್ಪಾಳೆ ತೆಗೆದುಕೊಂಡೆ. ಮೊದಲಿನದು ಕೋಪ, ತಿಳಿಯದೆ ಮಾಡಿದ್ದು ಎಂದು ಹೇಳಿಕೊಳ್ಳಬಹುದು. ಇದಕ್ಕೆ ಏನೆಂದು ಹೇಳಲಿ?

ಪಾಂಡವಪುರದ ಸನ್ಮಾನ ಬೇಡ ಎಂದು ಬರೆಯಲು ಕೂತೆ. ಕಾರಣ ಬರೆಯಬೇಕು. ಮೂರು ಸಲ ಬರೆದು ಹರಿದೆ. ಅನಾರೋಗ್ಯ ಎಂದು ಬರೆದರೆ ಅದು ಇನ್ನೊಂದು ಸುಳ್ಳು.

ಒಂದು ಸಲ ಬಂದು ಮಗುವನ್ನು ನೋಡಲೇ? ಬೇಡ ಎಂದರೆ ಬರುವುದಿಲ್ಲ.

ಮಂಗಳ


ಬಾಬುರಾಯನಕೊಪ್ಪಲು
31-3-1996

ಮಂಗಳಮ್ಮನವರಿಗೆ,

ನಿಮ್ಮ ಕಾಗದವನ್ನು ನಿಂಗಮ್ಮನಿಗೆ ಪೂರ್ತಿ ಓದಿ ಹೇಳಿದೆ, ಒಂದು ಅಕ್ಷರ ಬಿಡಲಿಲ್ಲ. ಅವಳು ಬೈಯಲಿಲ್ಲ. “ಇಬ್ರೂ ಓದ್ದೋರೇ ಅಲ್ವಾ” ಎಂದು ಎದ್ದು ಹೋದಳು. ಅದರಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಿವಿಗೆ ಎಣ್ಣೆ ಬಿಟ್ಟದ್ದು ಒಳ್ಳೆಯದಾಗಲಿ ಎಂದು. ರಕ್ತ ನೋಡಿ ನೀವು ದಿಂಬು ಒಗೆದಿರಿ. ಇದನ್ನು ನಾನು ಮರೆಯಲಾರೆ.

ಬಲಗಿವಿ ಹೋಯಿತು. ಎಡಗಿವಿ ಒಣಗಿದ ಮೇಲೆ ಮೇ ತಿಂಗಳಲ್ಲಿ ಆಪರೇಷನ್ನು, ಎಷ್ಟು ಬರುತ್ತದೋ ಹೇಳಲಾಗದು. ಅಲ್ಲಿಯವರೆಗೆ ಮಾತು ಮರೆಯದಂತೆ ದಿನಾ ಮಾತಾಡಿಸಿ ಎಂದಿದ್ದಾರೆ. ಟೀವಿ ಬಿಡಿಸಬೇಕಾ ಎಂದು ಕೇಳಿದೆ. ನೋಡಲಿ, ಪಕ್ಕದಲ್ಲಿ ಒಬ್ಬರು ಕೂತು ಟೀವಿಯಲ್ಲಿ ಅಂದದ್ದನ್ನು ಅವಳ ಎದುರಿಗೆ ತಿರುಗಿ ಹೇಳುತ್ತಿರಿ ಎಂದರು. ನಿಂಗಮ್ಮ ಮಡಿಲಲ್ಲಿ ಮಗು ಹಾಕಿಕೊಂಡು ಕೂತು ಒಂದೊಂದು ಮಾತನ್ನೂ ಕೂಗಿ ಹೇಳುತ್ತಾಳೆ. ನೀವು ಊರಿಗೆಲ್ಲ ಹೇಳಿಕೊಟ್ಟದ್ದೂ ಇದನ್ನೇ. ಒಂದು ಭಾನುವಾರ ನೀವು ಅವಳ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು.

ಸನ್ಮಾನ ತೆಗೆದುಕೊಳ್ಳುವುದೂ ಬಿಡುವುದೂ ನಿಮಗೆ ಸೇರಿದ್ದು. ನನಗೆ ಬೇಕಾದದ್ದು ಬೇರೆ. ಶೀಳನೆರೆಯ ಅಣ್ಣಮ್ಮನ ಮನೆಗೆ ಹೋಗಿ. ನೀವು ಹೇಳಿಕೊಟ್ಟದ್ದು ತಪ್ಪು ಎಂದು ಹೇಳಿ, ಅವಳ ಮಗುವನ್ನು ಡಾಕ್ಟರಿಗೆ ತೋರಿಸಿ. ನಿಮ್ಮ ಸ್ಕೂಲಿನ ಪುಸ್ತಕಗಳನ್ನೆಲ್ಲ ತೆಗೆದು, ಆ ಮೂರನೆಯ ಕಾಲಂ ಖಾಲಿ ಬಿಟ್ಟವರು ಇನ್ನೂ ಯಾರಿದ್ದಾರೆ ನೋಡಿ. ಅದು ಮುಗಿಯುವವರೆಗೆ ಈ ಮನೆಗೆ ಬರಬೇಡಿ. ಮುಗಿದ ಮೇಲೆ ಬರಬಹುದೋ ಇಲ್ಲವೋ ನಾನು ಹೇಳುವುದಿಲ್ಲ, ನಿಂಗಮ್ಮ ಹೇಳಬೇಕು.

ಯಾರಿಗೆ ಬರೆಯುತ್ತಿದ್ದೀಯ ಎಂದು ಭೂಮಿಕ ಕೇಳಿದಳು. ಹೇಳಿದೆ. ಕೆಳಗೆ ಜಾಗ ಬಿಡು, ನಾನೂ ಬರೆಯುತ್ತೇನೆ ಎಂದಳು. ಪೆನ್ನು ಅವಳ ಕೈಗೆ ಕೊಟ್ಟೆ. ಅವಳು ಬರೆದದ್ದನ್ನು ನಾನು ತಿದ್ದಿಲ್ಲ.

ಕೃಷ್ಣಮೂರ್ತಿ

ಅತ್ತೆಗೆ ಭೂಮಿಕ ಮಾಡುವ ನಮಸ್ಕಾರಗಳು. ನಾನು ಬಿದ್ದೆ ಅಂತಲೇ ಹೇಳಿದ್ದೆ. ಅಪ್ಪನಿಗೆ ಹೇಗೆ ಗೊತ್ತಾಯಿತೋ ಗೊತ್ತಿಲ್ಲ. ಅವತ್ತು ಬೋರ್ಡಿನ ಹತ್ತಿರ ನೀವು ಏನು ಪ್ರಶ್ನೆ ಕೇಳಿದಿರಿ? ನನಗೆ ಕೇಳಿಸಲಿಲ್ಲ. ಬರೆದು ಕಳಿಸಿ. ನನಗೆ ಉತ್ತರ ಗೊತ್ತಿರಬಹುದು.